ಆಚಾರ್ಯರ ಕಂಪ್ಯೂಟರಿನ ಅಪಶಕುನ

ಕಳೆದ ವಾರ ವಾಡಿಯ ಸ್ಟೇಷನ್ ರಸ್ತೆಯ ರಿಪೇರಿ ಅಂಗಡಿಯಲ್ಲಿ ನನ್ನ ಲ್ಯಾಪ್‌ಟಾಪಿನ ಸರದಿಗಾಗಿ ಕಾಯುತ್ತಿದ್ದೆ. ಅಂಗಡಿಯವನು ಯಾರದೋ ಹಳೆಯ ಸಿಪಿಯು ಒಂದರ ಪಕ್ಕದ ತಗಡು ಬಿಚ್ಚಿದ. ಕಾದ ಧೂಳಿನ ವಾಸನೆ ಬಂತು. ನಮ್ಮ ಕಡೆ ಧೂಳು ಅಂದರೆ ಬರೀ ಮಣ್ಣಲ್ಲ. ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ಯುವಾಗ ಏಳುವ ಬೂದುಬಣ್ಣದ ಹಿಟ್ಟೂ ಅದರಲ್ಲಿ ಸೇರಿರುತ್ತದೆ. ಅದರೊಳಗೆ ಎಲ್ಲೋ ಕರ್ಪೂರವೂ ಬೆರೆತಂತಿತ್ತು. ಆ ಅಂಗಡಿಯಲ್ಲಿ ಕರ್ಪೂರ ಇರಲು ಕಾರಣವೇ ಇರಲಿಲ್ಲ. ಬೇರೆ ಯಾರಾದರೂ ಹಾಗೆ ಹೇಳಿದ್ದರೆ ನಾನೇ ಪುರಾವೆ ಕೇಳುತ್ತಿದ್ದೆ. ಆದರೂ ಬಂತು...

ಆ ವಾಸನೆ ನಮ್ಮ ಎದುರುಮನೆಯ ಆಚಾರ್ಯರ ಕಂಪ್ಯೂಟರಿನದು.

ಶಹಾಬಾದಿನ ನಮ್ಮ ಓಣಿಯಲ್ಲಿ ಅವರ ಮನೆ ಕಡೆಯದು. ಶಾಲೆಯೊಂದರ ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿ ನಿವೃತ್ತರಾಗಿದ್ದರು. ಬೆಳಿಗ್ಗೆ ಗುಡಿಯ ಪೂಜೆ, ಆಮೇಲೆ ದಿನವೆಲ್ಲ ಜಾತಕ. ಸೇಡಂನಲ್ಲಿದ್ದ ಮಗ ಹೊಸದು ಕೊಂಡಾಗ ತನ್ನ ಹಳೆಯ ಕಂಪ್ಯೂಟರನ್ನು ತಂದು ಇವರ ನಡುಮನೆಯಲ್ಲಿ ಇಟ್ಟುಹೋಗಿದ್ದ. ಅದಕ್ಕೆ ಕುಂಕುಮ ಇಟ್ಟು, ಮೇಲೆ ಹಳೆಯ ಉತ್ತರೀಯ ಹೊದಿಸಿ, ದೇವರಿಗೆ ಬೆಳಗಿದ ಆರತಿಯನ್ನು ಅದರ ಮುಂದೂ ಒಮ್ಮೆ ಸುತ್ತುತ್ತಿದ್ದರು. ಆಗ ನಾನು ಕಾಲೇಜಿನಲ್ಲಿದ್ದೆ. ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಕಪ್ಪುಗಳನ್ನು ಅವ್ವ ಷೋಕೇಸಿನಲ್ಲಿ ಜೋಡಿಸುತ್ತಿದ್ದಳು. ಸಂಜೆಯಾದರೆ ಆಚಾರ್ಯರ ಕಟ್ಟೆಗೆ ಹೋಗಿ ಜಗಳ ತೆಗೆಯುವುದು ನನ್ನ ಅಭ್ಯಾಸ.

"ಬಾ ವಕೀಲಬಾಯಿ, ಕುಂದ್ರು. ಇವತ್ತ ಯಾವ ಗ್ರಹದ ಮ್ಯಾಲ ಕೇಸು?" ಎನ್ನುತ್ತಿದ್ದರು.

ನಾನು ಶನಿಯನ್ನೋ ರಾಹುವನ್ನೋ ಕಟಕಟೆಗೆ ಎಳೆದು ತರುತ್ತಿದ್ದೆ. ಅವರು ಕಣ್ಣು ಮುಚ್ಚಿ ಪೂರ್ತಿ ಕೇಳುತ್ತಿದ್ದರು. ನಡುವೆ ಬಾಯಿ ಹಾಕುತ್ತಿರಲಿಲ್ಲ. ಆಮೇಲೆ ಒಂದೊಂದೇ ಮಾತು ಎತ್ತಿಕೊಂಡು ಉತ್ತರ ಕೊಡುತ್ತಿದ್ದರು. ಉತ್ತರ ಹೊಳೆಯದಿದ್ದರೆ ಅದನ್ನೂ ಹೇಳುತ್ತಿದ್ದರು. ನಾನು ಒಂದು ದಿನವೂ ಅವರನ್ನು ಒಪ್ಪಲಿಲ್ಲ, ಅವರೂ ನನ್ನನ್ನು ಒಪ್ಪಲಿಲ್ಲ. ಕತ್ತಲಾಗುತ್ತಿತ್ತು, ಬೆಲ್ಲದ ಚಹಾ ಬರುತ್ತಿತ್ತು...

ಅವರ ಬಳಿ ಪ್ರಿಂಟರ್ ಇರಲಿಲ್ಲ. ಜಾತಕವನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಬಜಾರಿನ ಝೆರಾಕ್ಸ್ ಅಂಗಡಿಗೆ ಹೋಗುತ್ತಿದ್ದರು. ಊರಿನ ಎಲ್ಲ ಪೆನ್‌ಡ್ರೈವುಗಳೂ ಹೊಕ್ಕು ಹೊರಡುವ ಜಾಗ ಅದು. ಒಂದು ದಿನ ಅಲ್ಲಿಂದ ವೈರಸ್ ತಂದರು. ಆ ಅಂಗಡಿಯವನೇ ಮನೆಗೆ ಬಂದು ಏನೋ ಓಡಿಸಿ, ವೈರಸ್ ಸತ್ತುಹೋಯಿತು ಎಂದು ಹೇಳಿ ಹೋದ. ಆದರೆ ಅವತ್ತಿನಿಂದಲೇ ಪರದೆಯ ಮೇಲೆ ಒಂದು ಡಬ್ಬಿ ಏಳತೊಡಗಿತು. ಬಿಳಿಯ ಚೌಕ, ಅದರಲ್ಲಿ ಕೆಂಪು ಗುರುತು, ಒಂದು ಸಾಲು ಇಂಗ್ಲಿಷು, ಜೊತೆಗೆ 'ಟಣ್' ಎಂಬ ಸದ್ದು. ನೊಣ ಓಡಿಸುವಂತೆ ಆಚಾರ್ಯರು ಅದನ್ನು ಒತ್ತಿ ಕಳಿಸುತ್ತಿದ್ದರು. ಸ್ವಲ್ಪ ಹೊತ್ತಿಗೆ ಮತ್ತೆ ಬರುತ್ತಿತ್ತು.

ಅವರು ಟೈಪ್ ಮಾಡುತ್ತಿದ್ದದ್ದು ಒಂದೇ ಬೆರಳಲ್ಲಿ. ಒಂದು ಅಕ್ಷರ ಹುಡುಕಿ, ಕನ್ನಡಕ ಸರಿಮಾಡಿ, ಒತ್ತಿ, ಬಂದಿತೋ ಇಲ್ಲವೋ ನೋಡಿ, ಆಮೇಲೆ ಮುಂದಿನದು. ಹೀಗಾಗಿ ಯಾವ ಜಾತಕವೂ ಡಬ್ಬಿಯನ್ನು ದಾಟಿ ಮುಗಿಯುವಂತಿರಲಿಲ್ಲ. ಹೆಸರು, ಹುಟ್ಟಿದ ಹೊತ್ತು ಹೊಡೆಯುತ್ತಿರುವಾಗಲೇ ಟಣ್! ಎದುರಿಗೆ ಕೂತವರ ಎದೆ ಧಸಕ್ಕೆನ್ನುತ್ತಿತ್ತು.

"ಡಬ್ಬಿ ಬಂದ್ರ ಯಾವ ಶಾಂತಿ ಮಾಡಸಬೇಕ್ರಿ ಆಚಾರ್ರ?" ಎಂದು ಜನ ಕೇಳತೊಡಗಿದರು.

"ಅದು ಮಷಿನ್ನಿನ ಕಿರಿಕಿರಿ ಮಾರಾಯಾ, ಗ್ರಹದ್ದಲ್ಲ," ಎಂದು ಇವರು ಎಷ್ಟು ಹೇಳಿದರೂ, ಹಿರಿಯರು ಕೆಟ್ಟ ಸುದ್ದಿಯನ್ನು ಕರುಣೆಯಿಂದ ಮುಚ್ಚಿಡುತ್ತಿದ್ದಾರೆ ಎಂಬಂತೆ ಬಂದವರು ತಲೆಯಾಡಿಸಿ ಹೋಗುತ್ತಿದ್ದರು. ತಮ್ಮೊಬ್ಬರಿಗೇ ಬಂದ ದೋಷ ಎಂಬಂತೆ ಶಾಂತಿಯನ್ನು ಗುಟ್ಟಾಗಿ ಬೇರೆ ಊರಿನಲ್ಲಿ ಮಾಡಿಸಿಕೊಳ್ಳುತ್ತಿದ್ದರು.

ಇದೆಲ್ಲ ನನಗೆ ತಮಾಷೆಯಾಗಿತ್ತು, ಅಕ್ಕನ ಸರದಿ ಬರುವ ತನಕ.

ಅಕ್ಕ ಭಂಕೂರಿನ ಶಾಲೆಯಲ್ಲಿ ಕಲಿಸುತ್ತಿದ್ದಳು. ಮಕ್ಕಳನ್ನು ಚಂದ್ರಂಪಳ್ಳಿಯ ಡ್ಯಾಮಿಗೆ ಪ್ರವಾಸ ಕರೆದೊಯ್ದಾಗ, ಅಲ್ಲಿ ನೀರಾವರಿ ಕೆಲಸದಲ್ಲಿದ್ದ ಚಿಂಚೋಳಿಯ ಹುಡುಗನೊಬ್ಬ ಮಕ್ಕಳಿಗೆಲ್ಲ ತೂಬು ತೋರಿಸಿದ್ದನಂತೆ. ಅಲ್ಲಿಂದ ಬಂದಮೇಲೆ ಅಕ್ಕ ಚಪಾತಿ ಲಟ್ಟಿಸುತ್ತ ಕಿಟಕಿಯಾಚೆ ನೋಡುವುದು ಹೆಚ್ಚಾಯಿತು. ಕೊನೆಗೆ ಹುಡುಗನ ಕಡೆಯಿಂದಲೇ ಮಾತು ಬಂತು. ಹುಡುಗನ ತಾಯಿಯದು ಒಂದೇ ಷರತ್ತು: ಜಾತಕ ತಮ್ಮ ಕಣ್ಣೆದುರೇ ಕೂಡಬೇಕು. ಬಂದರು, ಆಚಾರ್ಯರ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತರು. ಆಚಾರ್ಯರು ಅಕ್ಕನ ಹೆಸರು ಅರ್ಧ ಹೊಡೆದಿದ್ದರು, ಡಬ್ಬಿ ಎದ್ದಿತು. ಆ ತಾಯಿ ಸೆರಗು ಎಳೆದುಕೊಂಡು, "ವಿಚಾರ ಮಾಡಿ ಮತ್ತ ಬರ್ತೀವ್ರಿ," ಎಂದು ಎದ್ದರು. ಚಹಾ ಕುಡಿಯಲಿಲ್ಲ. ಬಾಗಿಲ ಹಿಂದೆ ನಿಂತಿದ್ದ ಅಕ್ಕ ಆ ಕಪ್ಪನ್ನು ಎತ್ತಿಕೊಂಡು ಹೋಗಿ ತೊಳೆದಿಟ್ಟಳು. ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಮಾತಾಡಲು ಏನಾದರೂ ಸಿಗುತ್ತಿತ್ತು.

ಮರುದಿನ ಮಧ್ಯಾಹ್ನ ನಾನು ಆ ಯಂತ್ರದ ಮುಂದೆ ಕೂತೆ. ಬೇಸಿಗೆ. ನೆಲದ ಫರಸಿಗೆ ನೀರು ಚಿಮುಕಿಸಿದ್ದರು. ಕಲ್ಲು ಅದನ್ನು ನಿಧಾನ ಕುಡಿಯುತ್ತಿತ್ತು. ದೂರದಲ್ಲಿ ಕಲ್ಲು ಕೊಯ್ಯುವ ಗರಗಸದ ಸದ್ದು, ಜೋಗುಳದಂತೆ ಒಂದೇ ಏರಿಳಿತ. ಕಿಟಕಿಯ ಬಿಸಿಲಲ್ಲಿ ಕಲ್ಲಿನ ಹಿಟ್ಟು ತೇಲುತ್ತಿತ್ತು. ಆಚಾರ್ಯರು ಆರಾಮಕುರ್ಚಿಯಲ್ಲಿ ಅರೆನಿದ್ದೆಯಲ್ಲಿದ್ದರು. ಡಬ್ಬಿ ಎದ್ದಿತು. ಅವತ್ತಿನವರೆಗೆ ಎಲ್ಲರೂ ಅದನ್ನು ನೋಡಿ ಹೆದರಿದ್ದರು, ಇಲ್ಲವೇ ಒತ್ತಿ ಕಳಿಸಿದ್ದರು, ಯಾರೂ ಓದಿರಲಿಲ್ಲ. ನಾನು ಓದಿದೆ. ಅಲ್ಲಿದ್ದದ್ದು ಇಷ್ಟೇ: ಇಂಥ ಹೆಸರಿನ ಫೈಲು ಸಿಗುತ್ತಿಲ್ಲ.

ಆ ಹೆಸರು ಹಿಡಿದು ಹುಡುಕಿದಾಗ ತಿಳಿಯಿತು. ವೈರಸ್ ಬದುಕಿದ್ದಾಗ ಯಂತ್ರಕ್ಕೊಂದು ಅಪ್ಪಣೆ ಕೊಟ್ಟಿತ್ತು, ಆಗಾಗ ನನ್ನನ್ನು ಕರೆಯುತ್ತಿರು ಎಂದು. ಅಂಗಡಿಯವನು ವೈರಸನ್ನು ಕೊಂದ. ಅಪ್ಪಣೆ ಮಾತ್ರ ಉಳಿದುಬಿಟ್ಟಿತು. ಯಂತ್ರ ನಂಬಿಕೆಯಿಂದ ಕರೆಯುತ್ತದೆ, ಆ ಕಡೆಯಿಂದ ಓ ಎನ್ನುವವರಿಲ್ಲ, ಸಿಗುತ್ತಿಲ್ಲ ಎಂದು ಹೇಳುತ್ತದೆ, ಮತ್ತೆ ಕರೆಯುತ್ತದೆ. ಯಂತ್ರಕ್ಕೆ ದುಃಖವಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತು. ಆದರೂ ಆ ಮಧ್ಯಾಹ್ನ, ಆ ತೇಲುವ ಹಿಟ್ಟಿನ ನಡುವೆ, ಅದು ಇನ್ನೊಮ್ಮೆ ಕರೆಯಲಿ ಎಂದು ಕಾಯುತ್ತ ಕೂತಿದ್ದೆ...

ಆಚಾರ್ಯರಿಗೆ ಎಚ್ಚರವಾದಾಗ ಹೇಳಿದೆ. "ಅಂದ್ರ ಕಳ್ಳ ಸತ್ತಾನ, ಅವನ ಹೆಸರು ಹಿಡದು ಕೂಗೋದು ನಿಂತಿಲ್ಲ ಅನ್ನು," ಎಂದರು. "ತೆಗೀಲಿಕ್ಕ ಬರ್ತದೇನು?"

"ಈಗಿಂದೀಗ ಬರ್ತದ್ರಿ. ಆದ್ರ ತೆಗ್ಯಾಂಗಿಲ್ಲ."

ಡಬ್ಬಿ ಮಾಯವಾದರೆ, ಮುಚ್ಚಿಟ್ಟರು ಎಂದೇ ಚಿಂಚೋಳಿಯವರು ಅಂದುಕೊಳ್ಳುತ್ತಾರೆ. ಅಕ್ಕನ ಹೆಸರಿಗೆ ಮಾತ್ರ ಬಂತು ಎಂಬ ಅನುಮಾನ ಹಾಗೇ ಉಳಿಯುತ್ತದೆ. ಅದು ಎಲ್ಲರ ಹೆಸರಿಗೂ ಬರುವುದನ್ನು ಆ ತಾಯಿ ಕಣ್ಣಾರೆ ನೋಡಬೇಕು. ನನ್ನ ವಾದ ಇದಾಗಿತ್ತು. ಆಚಾರ್ಯರು ಕುರ್ಚಿಯಿಂದ ಎದ್ದು ಪರದೆಯ ಹತ್ತಿರ ಬಂದರು.

"ಎಲ್ಲರಿಗೂ ಬರ್ತದಂದ್ರ ಮಷಿನ್ನೇ ಕೆಟ್ಟದ ಅಂತಾರ. ಕೆಟ್ಟ ಮಷಿನ್ನಿನಾಗ ತೆಗೆದ ಜಾತಕ ಎಷ್ಟು ಖರೇ ಅಂತ ಊರೆಲ್ಲ ಕೇಳ್ತದ."

"ಕೇಳಬೇಕ್ರಿ ಮತ್ತ," ಎಂದೆ.

ಅವರು ನಕ್ಕರು. ಉತ್ತರೀಯದಿಂದ ಪರದೆ ಒರೆಸಿದರು. "ಕೇಳ್ಲಿ ತಗೋ. ಹುಡುಗಿ ಮನಸಿಟ್ಟಾಳ. ಅವರನ್ನ ಕರಸು."

ಬಹಳ ಸಲ ಹೇಳಿಕಳಿಸಿದ ಮೇಲೆ ಆ ತಾಯಿ ಬಂದರು. ನಾನು ಎದ್ದು ನಿಂತು ವೈರಸ್, ಅಪ್ಪಣೆ, ಕಾರ್ಯಕಾರಣ ಎಲ್ಲವನ್ನೂ ಕ್ರಮವಾಗಿ ಮಂಡಿಸಿದೆ. ಕಪ್ಪು ಗೆಲ್ಲುವ ಮಟ್ಟದ ಭಾಷಣ ಅದು.

"ಭಾಳ ಛಂದ ಮಾತಾಡ್ತಿ ತಂಗಿ," ಎಂದರು ಅವರು. "ಆದ್ರ ನಿಮ್ಮಕ್ಕನ ಹೆಸರು ಹೊಡಿಯೋ ಹೊತ್ತಿಗೇ ಯಾಕ ಬಂತದು?"

"ನಿಮ್ಮದೇ ಹೇಳ್ರಿ ಅಮ್ಮಾ. ನಿಮ್ಮದು, ನಿಮ್ಮ ಯಜಮಾನ್ರದು," ಎಂದರು ಆಚಾರ್ಯರು.

ಆ ತಾಯಿ ನೆಟ್ಟಗೆ ಕೂತರು. ತಮ್ಮ ಜಾತಕವನ್ನು ಚಿತ್ತಾಪುರದ ದೊಡ್ಡ ಪಂಡಿತರು ಕೂಡಿಸಿದ್ದು ಎಂದು ಹೆಮ್ಮೆಯಿಂದ ವಿವರ ಕೊಟ್ಟರು. ಆಚಾರ್ಯರ ಬೆರಳು ಒಂದೊಂದೇ ಅಕ್ಷರ ಹುಡುಕುತ್ತ ನಡೆಯಿತು. ಫ್ಯಾನು ತಿರುಗುತ್ತಿತ್ತು. ಒಳಗೆ ಅಕ್ಕನ ಬಳೆಯ ಸದ್ದು ನಿಂತಿತ್ತು. ಯಜಮಾನರ ಹೆಸರಿನ ಕೊನೆಯ ಅಕ್ಷರಕ್ಕೆ... ಟಣ್!

ಆ ತಾಯಿ ಪರದೆಗೆ ಮುಖ ತಂದು ದಿಟ್ಟಿಸಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

"ಅಯ್ಯ, ಖರೇನೇ ಹೇಳ್ತದಲ್ರೀ ಇದು! ಆ ಮನಷ್ಯಾನ ಸಂಗಟ ಒಂದು ದಿನ ಜಗಳಿಲ್ದ ಉಂಡಿಲ್ಲ ನಾ! ಆ ಪಂಡಿತರಿಗೆ ತಿಳೀಲಿಲ್ಲ, ಮಷಿನ್ನಿಗೆ ತಿಳೀತು ನೋಡ್ರಿ!"

"ಅಲ್ರಿ ಅತ್ತೀ, ಎಲ್ಲರಿಗೂ ಬರ್ತದಂದ್ರ ಅದರ ಅರ್ಥ..."

"ಎಲ್ಲರಿಗೂ ಬರಬೇಕು ಮತ್ತ! ಜಗಳಿಲ್ಲದ ಮನಿ ಯಾವುದದ ತೋರ್ಸು? ನಮ್ಮದು ನಡೀತು, ಇವರದೂ ನಡೀತದ. ಎಲ್ಲಾಳ ಹುಡುಗಿ? ಹೂ ತರ್ರಿ."

ನಾನು ಮತ್ತೆ ಬಾಯಿ ತೆರೆದೆ. ಇದು ತರ್ಕದೋಷ, ಸಾಕ್ಷಿಯನ್ನು ತಲೆಕೆಳಗೆ ಓದಿದ್ದು ಎಂದು ಹೇಳಬೇಕಿತ್ತು. ಆಚಾರ್ಯರು ಕನ್ನಡಕದ ಮೇಲಿಂದ ನೋಡಿದರು. "ಕೇಸು ಗೆದ್ದೀ, ಇನ್ಯಾರ ಮುಂದ ವಾದ? ನಡಿ, ಅಕ್ಕನ್ನ ಕರಿ."

ಹೂ ಮುಡಿಸಿ ಅವರು ಹೋದಮೇಲೆ ನಾನು ಆ ಅಪ್ಪಣೆಯನ್ನು ಅಳಿಸಿದೆ. ಆಮೇಲೆ ಡಬ್ಬಿ ಬರಲಿಲ್ಲ. ಆಚಾರ್ಯರು ಹೆದರಿದಂತೆ ಊರು ಕೇಳಲೂ ಕೇಳಿತು. ಕೆಲವರು ಜಾತಕಕ್ಕೆ ಬರುವುದನ್ನು ಬಿಟ್ಟರು. ಅದಕ್ಕೆ ಅವರು ನನ್ನನ್ನು ದೂರಲಿಲ್ಲ. ಬಿಡುವು ಸಿಕ್ಕಿತು, ಇನ್ನೂ ಜಾಸ್ತಿ ಜಗಳಾಡೋಣ ಎಂದರು. ಜಗಳಾಡಿದೆವು ಕೂಡ... ಆಮೇಲೊಂದು ಚಳಿಗಾಲದಲ್ಲಿ ಅವರು ತೀರಿಕೊಂಡರು. ಮಗ ಬಂದು ಮನೆ ಖಾಲಿ ಮಾಡಿದ. ಈಗ ಅಲ್ಲಿ ಬಾಡಿಗೆಯವರಿದ್ದಾರೆ. ಒಳ್ಳೆಯ ಜನ, ಕಟ್ಟೆಯ ಮೇಲೆ ಕೂರುವುದಿಲ್ಲ.

ಮೊನ್ನೆ ಚಿಂಚೋಳಿಯಲ್ಲಿ ಅಕ್ಕನ ಕೂಸಿಗೆ ಹೆಸರಿಟ್ಟರು. ಅಕ್ಕನ ಅತ್ತೆ ಫೋನಿನಲ್ಲಿ ಏನೋ ಒತ್ತಿದರು. ಕಣ್ಣು ಮಿಟುಕಿಸುವಷ್ಟರಲ್ಲಿ ಕೂಸಿನ ಜಾತಕ ಬಣ್ಣಬಣ್ಣವಾಗಿ ಬಂತು. ಎಲ್ಲೂ ತಡವರಿಸಲಿಲ್ಲ. ನಾನು ಎದ್ದು ಕೇಳಿದೆ: ಲೆಕ್ಕ ಹಾಕಿದವರು ಯಾರು? ಯಾವ ಪದ್ಧತಿ? ಆಧಾರವೇನು?

"ಫೋನಿನಾಗ ಬಂದದವ್ವಾ, ಯಾರನ್ನ ಕೇಳೋದು?" ಎಂದು ಅವರು ನನ್ನ ಬಾಯಿಗೆ ಸಿಹಿ ಉಂಡಿ ತುರುಕಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ನನ್ನ ಬಳಿ ಇನ್ನೂ ಆಕ್ಷೇಪಗಳಿದ್ದವು. ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿ, ತಿರುಗಿ ಉತ್ತರ ಕೊಡುವ ಮನುಷ್ಯ ಆ ಮನೆಯಲ್ಲಿರಲಿಲ್ಲ. ಯಾವ ಮನೆಯಲ್ಲೂ ಇಲ್ಲ ಎಂಬುದು ಅಲ್ಲಿ, ಉಂಡಿ ಅಗಿಯುತ್ತ ನಿಂತಾಗ, ಪೂರ್ತಿಯಾಗಿ ತಿಳಿಯಿತು.

ಕೂಸನ್ನು ಎತ್ತಿಕೊಂಡು ಹೊರಗೆ ಬಂದೆ. ಅದರ ಜಾತಕದ ವಿರುದ್ಧ ನನ್ನ ವಾದವನ್ನು ಅದಕ್ಕೇ ಹೇಳತೊಡಗಿದೆ. ಮೊದಲನೆಯ ಮಾತಿಗೆ ಅದು ಕಣ್ಣರಳಿಸಿ ನೋಡಿತು. ಎರಡನೆಯದಕ್ಕೆ ಬರುವಷ್ಟರಲ್ಲಿ ನಿದ್ದೆಹೋಗಿತ್ತು.