ಹಗ್ಗದೊಳಗಿನ ಜಾಗ

ಶಾಲೆಯಲ್ಲಿ ಎಲ್ಲರೂ ಆಕೆಯನ್ನು ಕರೆಯುತ್ತಿದ್ದುದು ‘ಯಾಕೆ ಟೀಚರ್’ ಎಂದು. ಮಕ್ಕಳು ಸರಿ ಉತ್ತರ ಹೇಳಿದರೂ ‘ಯಾಕೆ?’ ಎಂದು ಕೇಳದೆ ಬಿಡುತ್ತಿರಲಿಲ್ಲ.

ಆ ವರ್ಷ ಆರನೇ ತರಗತಿಯನ್ನು ಮೈದಾನಕ್ಕೆ ಕರೆದೊಯ್ದು, ಎರಡೂ ತುದಿ ಸೇರಿಸಿ ಗಂಟು ಹಾಕಿದ ಹಗ್ಗವೊಂದನ್ನು ಮಕ್ಕಳ ಕೈಗೆ ಕೊಟ್ಟಳು. “ಇದರೊಳಗೆ ಎಷ್ಟು ಜನ ನಿಲ್ಲಬಹುದು, ನೋಡಿ.”

“ಹಗ್ಗ ಒಂದೇ ಅಂದ್ಮೇಲೆ ಜಾಗನೂ ಒಂದೇ ಅಲ್ವಾ ಟೀಚರ್?” ಎಂದಳು ತರಗತಿಯ ಜಾಣೆ.

“ಯಾಕೆ? ಮಾಡಿ ನೋಡಿ,” ಎಂದಳು ಟೀಚರ್. ಮಕ್ಕಳು ಹಗ್ಗವನ್ನು ಉದ್ದಕ್ಕೆ ಎಳೆದು ಹಿಡಿದರು. ಒಳಗೆ ಕಾಲಿಡಲೂ ಜಾಗವಿಲ್ಲ. ಚೌಕ ಮಾಡಿದರು, ಅರ್ಧ ತರಗತಿಯೇ ಹಿಡಿಸಿತು. ತಳ್ಳಾಟ, ಕೂಗಾಟ, ವಾದ. ಆಗ, ಎಂದೂ ಬಾಯಿ ಬಿಡದ, ‘ಮೌನಿ’ ಎಂದೇ ಹೆಸರಾದ ಹುಡುಗಿ ಕೇಳಿದಳು: “ಮೂಲೆ ಯಾಕೆ ಬೇಕು? ದುಂಡಗೆ ಮಾಡಿದ್ರೆ?”

ಟೀಚರ್ ಹಗ್ಗವನ್ನು ಅವಳ ಕೈಗೇ ಕೊಟ್ಟಳು; ದುಂಡಗೆ ಮಾಡಿದಾಗ ಇನ್ನೂ ಕೆಲವರು ಹಿಡಿಸಿದರು.

ಆದರೆ ಪರೀಕ್ಷೆಗೆ ಬೇಕಾದದ್ದು ಸೂತ್ರ. ಮಕ್ಕಳು ಚಿತ್ರ ಬರೆದು ಕಾರಣ ಹೇಳಿದ್ದರು. ಉತ್ತರಪತ್ರಿಕೆ ತಿದ್ದಿದ ಬೇರೆ ಶಾಲೆಯವರು ಹಂತಗಳಿಲ್ಲವೆಂದು ಅಂಕ ಕಳೆದರು. ತಂದೆತಾಯಿಗಳು ಮುಖ್ಯೋಪಾಧ್ಯಾಯರ ಕೋಣೆಗೆ ನುಗ್ಗಿದರು. ಎಲ್ಲರಿಗಿಂತ ಮುಂದೆ ನಿಂತವಳು ಮೌನಿಯ ತಾಯಿ. ಒಂದು ಕಾಲಕ್ಕೆ ಇದೇ ಟೀಚರ ಕೈಯಲ್ಲಿ ಕಲಿತು, ಈಗ ಕಟ್ಟಡ ಕಟ್ಟಿಸುವ ಎಂಜಿನಿಯರ್ ಆಗಿದ್ದವಳು.

“ನಿಮ್ಮಿಂದಾನೇ ನಾನು ಇಲ್ಲೀವರೆಗೆ ಬಂದಿದ್ದು ಟೀಚರ್, ಇಲ್ಲ ಅನ್ನಲ್ಲ. ಆದ್ರೆ ಕಾಲ ಬದಲಾಗಿದೆ. ನನ್ನ ಮಗಳ ಮೇಲೆ ಪ್ರಯೋಗ ಬೇಡ.”

“ಅವತ್ತು ನಿನ್ನ ಮಗಳು ಏನು ಕೇಳಿದ್ಲು ಗೊತ್ತೇನಮ್ಮ?”

“ಎಷ್ಟು ಅಂಕ ತಂದ್ಲು ಅಂತ ಗೊತ್ತು. ಅಷ್ಟು ಸಾಕು.”

ಮುಖ್ಯೋಪಾಧ್ಯಾಯರು ತಲೆ ಎತ್ತದೆ ಕನ್ನಡಕ ಒರೆಸುತ್ತ ಕೂತರು. ಮರುವಾರ ಟೀಚರ ತರಗತಿ ಹೊಸ ಮೇಷ್ಟ್ರ ಪಾಲಾಯಿತು, ಗ್ರಂಥಾಲಯದ ಬೀಗದ ಕೈ ಆಕೆಯ ಪಾಲಾಯಿತು. “ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ,” ಎಂದು ಸಿಬ್ಬಂದಿ ಕೋಣೆಯಲ್ಲಿ ಯಾರೋ ನಕ್ಕರು. ಮನೆಯಲ್ಲಿ ಗಂಡನೂ, “ಹತ್ತು ಜನ ಹೋಗೋ ದಾರೀಲಿ ಹೋಗು ಅಂತ ಬಡ್ಕೊಂಡೆ,” ಎಂದ.

ಮುಂದಿನ ಪರೀಕ್ಷೆಯಲ್ಲಿ ಅಂಕ ಏರಿದವು. ಮೌನಿ ಒಂದು ಮಧ್ಯಾಹ್ನ ಗ್ರಂಥಾಲಯಕ್ಕೆ ಬಂದಳು.

“ಲೆಕ್ಕ ಎಲ್ಲಾ ಬಿಡಿಸಿರೋ ಪುಸ್ತಕ ಇದ್ಯಾ ಟೀಚರ್? ಅಮ್ಮ ತರೋಕೆ ಹೇಳಿದ್ರು.”

ಕಪಾಟಿನ ತುಂಬ ಅವೇ ಇದ್ದವು. ಟೀಚರ್ ಒಂದನ್ನು ತೆಗೆದುಕೊಟ್ಟಳು.

ಆಕೆ ಅವಧಿಗೆ ಮುಂಚೆಯೇ ನಿವೃತ್ತಿ ಪಡೆದಳು. ಬೀಳ್ಕೊಡುಗೆಯ ದಿನ ಎಂಜಿನಿಯರ್ ಮೈಕಿನ ಮುಂದೆ ನಿಂತು, “ನನಗೆ ಯೋಚಿಸೋದು ಕಲಿಸಿದ್ದೇ ಇವರು,” ಎಂದು ಕಣ್ಣೊರೆಸಿಕೊಂಡಳು. ಸಭೆ ಚಪ್ಪಾಳೆ ತಟ್ಟಿತು. ಎರಡು ಮಾತಾಡಿ ಎಂದು ಎಲ್ಲರೂ ಒತ್ತಾಯಿಸಿದಾಗ ಟೀಚರ್ ಎದ್ದು, “ಹೇಳೋದು ಏನೂ ಇಲ್ಲ,” ಎಂದು ಕೂತುಬಿಟ್ಟಳು.