ಚಿಕ್ಕಪ್ಪನ ಜೇಬಿನ ಹುಂಜ

ಮೊನ್ನೆ ಭಾನುವಾರ ಕಳಸದ ಕೋಳಿ ಅಂಗಡಿಯಲ್ಲಿ, ನನ್ನ ಮುಂದೆ ನಿಂತಿದ್ದ ಬಾಳೂರಿನ ಚಿಕ್ಕಪ್ಪನ ಜೇಬಿನಲ್ಲಿ ಹುಂಜ ಕೂಗಿತು. ಗಾಬರಿಯಾಗಬೇಡಿ, ಅದು ಅವರ ಫೋನು. ಪಂಜರದಲ್ಲಿದ್ದ ಫಾರಂ ಕೋಳಿಗಳು ಮಾತ್ರ ಕತ್ತೆತ್ತಿಯೂ ನೋಡಲಿಲ್ಲ. ಕೂಗು ಕಲಿಯುವ ಮೊದಲೇ ತಕ್ಕಡಿ ಏರುವ ಅವಕ್ಕೆ, ಪಾಪ, ಅದು ಯಾವ ಭಾಷೆಯೆಂದು ಗೊತ್ತಾಗಬೇಕಲ್ಲ.

ಈ ಚಿಕ್ಕಪ್ಪನ ಕಾಫಿ ತೋಟದ ಪಕ್ಕದಲ್ಲೇ ಉದ್ದನೆಯ ಶೆಡ್ಡಿದೆ, ಅದರ ತುಂಬ ಸಾವಿರಾರು ಕೋಳಿ. ಅಂಥವರು ಅಂಗಡಿಯಲ್ಲಿ ಸಾಲು ನಿಲ್ಲುವುದೇಕೆ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ.

‘ಮರಿ ಕಂಪನಿದು, ಫೀಡು ಕಂಪನಿದು, ಔಷಧಿ ಕಂಪನಿದು. ಬೆಳೆದ್ಮೇಲೆ ಅವ್ರೇ ಲಾರಿ ತಂದು ತುಂಬ್ಕೊಂಡು ಹೋಗ್ತಾರೆ.’

‘ಹಂಗಾದ್ರೆ ನಿಮ್ದೇನು ಚಿಕ್ಕಪ್ಪ?’

‘ಸಾಕಿದ ಕೂಲಿ. ಮತ್ತೆ ಗೊಬ್ಬರ.’

ಗೊಬ್ಬರ ಎನ್ನುವಾಗ ಅವರ ದನಿಯಲ್ಲಿ ಒಂದಿಷ್ಟು ಜಮೀನ್ದಾರಿಕೆ ಇತ್ತು. ಕಾಫಿ ಗಿಡಗಳೂ ಹಾಗೇ ಸೊಕ್ಕಿದ್ದವು.

ಕಂಪನಿಯದೊಂದು ಕಟ್ಟಪ್ಪಣೆ: ಶೆಡ್ಡಿರುವ ಮನೆಯಲ್ಲಿ ನಾಟಿ ಕೋಳಿ ಇರಕೂಡದು, ರೋಗ ತರುತ್ತದೆ. ಕಂಡರೆ ಮುಂದಿನ ಸಲ ಮರಿ ಬರುವುದಿಲ್ಲ. ಚಿಕ್ಕಮ್ಮ ತಮ್ಮ ಕೋಳಿಗಳನ್ನೆಲ್ಲ ತವರಿಗೆ ಕಳಿಸಿದರು, ಒಂದು ಕೆಂಪು ಹುಂಜವನ್ನು ಬಿಟ್ಟು. ‘ಅದು ಕೂಗ್ದೆ ನಂಗೆ ಬೆಳಗಾಗಲ್ಲ’ ಎಂದರು. ಗಾದೆಯ ಮುದುಕಿಯನ್ನು ನೆನಪಿಸಿದರೆ, ‘ಆ ಮುದುಕಿ ಹೇಳಿದ್ರಲ್ಲಿ ತಪ್ಪೇನಿತ್ತು?’ ಎಂದು ನಮ್ಮನ್ನೇ ದಬಾಯಿಸಿದರು.

ಕಂಪನಿಯ ಸೂಪರ್‌ವೈಸರ್ ಬಂದಾಗಲೆಲ್ಲ ಹುಂಜಕ್ಕೆ ಬಚ್ಚಲುಮನೆಯಲ್ಲಿ ಬಿಡಾರ. ಒಂದು ಮಳೆಗಾಲ ನಾನೂ ಅಲ್ಲಿದ್ದೆ. ಆತ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಒಳಗಿಂದ ಕೊಕ್ಕೊಕ್ಕೋ ಎಂದು ಕೇಳಿತು.

‘ಏನದು?’ ಎಂದ.

‘ಫೋನು ಸಾರ್’ ಎಂದರು ಚಿಕ್ಕಪ್ಪ, ‘ಬಚ್ಚಲಲ್ಲಿಟ್ಟಿದೀನಿ.’

‘ಬಚ್ಚಲಲ್ಲಾ?’

‘ನೆಟ್‌ವರ್ಕ್ ಅಲ್ಲೇ ಸಾರ್ ಸಿಗೋದು.’

ನಮ್ಮ ಕಡೆ ಈ ಮಾತನ್ನು ನಂಬದಿರುವುದು ಕಷ್ಟ. ಆತ ನಂಬಿದ. ಆದರೆ ಮಧ್ಯಾಹ್ನವಾಗಿತ್ತು. ಮನೆಗೆ ಬಂದವರಿಗೆ ಕಡುಬು, ಕೋಳಿಸಾರು ಹಾಕದೆ ಕಳಿಸುವುದುಂಟೇ? ಅಂಗಡಿಯಿಂದ ಕೋಳಿ ತರಿಸಲು ಚಿಕ್ಕಪ್ಪ ಎದ್ದರು.

‘ಫಾರಂ ಕೋಳಿ ನಾನು ತಿನ್ನಲ್ಲ’ ಎಂದ ಫಾರಂ ಕೋಳಿಯ ಸೂಪರ್‌ವೈಸರ್. ‘ರುಚೀನೇ ಇರಲ್ಲ. ನಾಟಿ ಇದ್ರೆ ಹೇಳಿ, ಕಾಯ್ತೀನಿ.’

ಕೋಳಿ ಕೇಳಿ ಮಸಾಲೆ ಅರೀತಾರಾ ಎನ್ನುತ್ತೇವಲ್ಲ, ಆವತ್ತು ಚಿಕ್ಕಮ್ಮ ಅರೆದ ಮಸಾಲೆಯನ್ನು ಮುಂದಿಟ್ಟುಕೊಂಡು ಬಚ್ಚಲಿನ ಬಾಗಿಲನ್ನೇ ನೋಡುತ್ತ ನಿಂತಿದ್ದರು. ಕಣ್ಣಲ್ಲಿ ನೀರಿತ್ತು. ಆಮೇಲೆ ಸೆರಗಿನಲ್ಲಿ ಒರೆಸಿಕೊಂಡು ಜಗಲಿಗೆ ಬಂದರು.

‘ನಾಟಿ ಇಡಬಾರ್ದು ಅಂತ ನೀವೇ ಹೇಳಿದ್ರಲ್ಲ ಸಾರ್. ನಾವು ಮಾತು ಮೀರೋರಲ್ಲ.’

ಅದೇ ಮಸಾಲೆಗೆ ಎಳೆ ಬಿದಿರಿನ ಕಳಲೆ ಹಾಕಿ ಸಾರು ಮಾಡಿದರು. ಆತ ಎರಡೆರಡು ಸಲ ಹಾಕಿಸಿಕೊಂಡು ಉಂಡ. ಹೊರಡುವಾಗ, ‘ಮುಂದಿನ ಸಲ ಆ ರಿಂಗ್‌ಟೋನ್ ನಂಗೂ ಕೊಡಿ’ ಎಂದ.

ಹೇಳಿದ ಸುಳ್ಳನ್ನು ನಿಜ ಮಾಡಲೇಬೇಕಾಯಿತು. ಸಂಜೆ ಚಿಕ್ಕಪ್ಪ ಫೋನು ಹಿಡಿದು ಹುಂಜದ ಎದುರು ಕುಕ್ಕರುಗಾಲಲ್ಲಿ ಕೂತರು. ಅದು ಬಾಯಿಯೇ ಬಿಡದು. ಕೊನೆಗೆ ಚಿಕ್ಕಪ್ಪನೇ ಕೂಗಿ ತೋರಿಸಿದರು, ಆಗ ಅದಕ್ಕೆ ರೋಷ ಬಂತು.

ಹೋದ ಮಳೆಗಾಲದಲ್ಲಿ ಹುಂಜ ಮುದಿಯಾಗಿ ಸತ್ತಿತು. ಈಗ ಚಿಕ್ಕಮ್ಮ ಬೆಳಗ್ಗೆ ಎದ್ದವರೇ ಅಡುಗೆಮನೆಯಿಂದ, ಮಲಗಿರುವ ಚಿಕ್ಕಪ್ಪನಿಗೆ ಫೋನು ಮಾಡುತ್ತಾರೆ. ಅವರು ಎತ್ತುವ ಹಾಗಿಲ್ಲ. ಅದು ಕೂಗಿ ಮುಗಿದ ಮೇಲೇ ಒಲೆ ಹಚ್ಚುವುದು.

ಅಂಗಡಿಯಲ್ಲಿ ಜೇಬು ಇನ್ನೂ ಕೂಗುತ್ತಿತ್ತು. ಸಾಲಿನಲ್ಲಿದ್ದವರು ನಗುತ್ತಿದ್ದರು.

‘ಎತ್ತಿ ಚಿಕ್ಕಪ್ಪ’ ಎಂದೆ.

‘ತಡಿ ಮಾರಾಯ. ಇಷ್ಟು ಸಾಕಿದ್ರಲ್ಲಿ ನಮ್ದು ಅಂತ ಇದ್ದಿದ್ದು ಅದೊಂದೇ.’

ಈ ಕತೆ ಹೇಳಿ ನಾನು ಎಷ್ಟು ಜನರನ್ನು ನಗಿಸಿದ್ದೇನೋ. ಅಂದು ಮಾತ್ರ ಅದು ಕೂಗಿ ಮುಗಿಸುವವರೆಗೆ ನಾನೂ ಸುಮ್ಮನೆ ನಿಂತೆ.