ಅಕ್ವೇರಿಯಂಗೆ ಅವ್ವನ ತಂಬಿಗೆ

ಗೆಳೆಯರೇ, ಇವತ್ತು ಬೀದರದ ಅಂಗಡಿಯಲ್ಲಿ ಅವ್ವ ನನ್ನ ಮಾನ ಕಳೆದಳು. ಮೂವತ್ತು ಮೀನುಗಳಿರುವ ನನ್ನ ನಾಲ್ಕುನೂರು ಲೀಟರಿನ ಅಕ್ವೇರಿಯಂಗೆ ಫಿಲ್ಟರ್ ಕೇಳಿದ್ದೆ.

"ದೊಡ್ಡದೇ ಬೇಕ್ರಿ. ತಾಸಿಗಿ ನಾಲ್ಕು ಸಲ ಅಷ್ಟೂ ನೀರು ತಿರುಗಬೇಕು," ಎಂದ ಅಂಗಡಿಯವನು.

ಅವ್ವನಿಗೆ ತಡೆಯಲಾಗಲಿಲ್ಲ. "ಭಾಲ್ಕ್ಯಾಗ ನಮ್ಮ ಬಾವಿ ನೀರು ಸಾಫ್ ಇರ್ಲಿ ಅಂತ ಮೀನ ಬಿಡ್ತಿದ್ವಿ. ಈಗ ಮೀನದ ನೀರು ಸಾಫ್ ಮಾಡ್ಲಿಕ್ಕ ಮಷೀನ್ ಏನಪ್ಪ?"

"ಬಾವ್ಯಾಗ ಎಷ್ಟು ಮೀನ ಇದ್ದವ್ರಿ, ಅವ್ವಾರ?"

"ನಾಲ್ಕು."

"ಇವರ ಗಾಜಿನ ಪೆಟ್ಟಿಗ್ಯಾಗ ಮೂವತ್ತು ಅದಾವ್ರಿ!"

ಅವ್ವ ನನ್ನ ಕಡೆ ನೋಡಿದಳು. ನಾನು ದೊಡ್ಡದನ್ನೇ ಕೊಂಡೆ.

ಚಿದ್ರಿಯ ನಮ್ಮ ಮನೆಗೆ ಬಂದು ಜೋಡಿಸಿದ್ದೇ ತಡ, ಕರೆಂಟ್ ಹೋಯಿತು. ಅವ್ವ ತಂಬಿಗೆಯಿಂದ ಅಕ್ವೇರಿಯಂ ನೀರನ್ನೇ ಎತ್ತಿ ಎತ್ತಿ ಮೇಲಿನಿಂದ ಸುರಿಯತೊಡಗಿದಳು. "ಬಾವ್ಯಾಗ ದಿನಾ ಕೊಡ ಬಿದ್ದು ನೀರಿಗಿ ಗಾಳಿ ಸಿಗ್ತಿತ್ತು. ಇದಕ್ಕ ಯಾರದಾರ?"

ಕಣ್ಣು ಮುಚ್ಚಿದೆ. ಚಿಕ್ಕಂದಿನಲ್ಲಿ ಭಾಲ್ಕಿಯ ಬೆಳಗಿಗೆ ಕೇಳುತ್ತಿದ್ದ ಅದೇ ನೀರಿನ ಸದ್ದು. ನಾನು ಕೌದಿಯೊಳಗೆ, ಅವ್ವ ಬಾವಿಕಟ್ಟೆಯ ಮೇಲೆ.

ಕರೆಂಟ್ ಬಂದು ಐದು ನಿಮಿಷವಾಯಿತು. ಫಿಲ್ಟರಿನ ಸ್ವಿಚ್ ಇನ್ನೂ ಹಾಕಿಲ್ಲ, ಅವ್ವನಿಗೂ ಹೇಳಿಲ್ಲ.